ಗಡಿಗೆಯ ಹುಳಿ, ಸೀಸೆಯ ನೊರೆ

ಬಳ್ಳಾರಿ ಸೀಮೆಯ ಬೇಸಗೆಯನ್ನು ಕುರಿತು ಹೊರಗಿನವರು ಆಡುವ ಮಾತು ಹಲವು. ಆ ಸೀಮೆಯವರು ಮನೆಗೆ ಬಂದವರೊಡನೆ ಆಡುವ ಮಾತು ಮಾತ್ರ ಒಂದೇ: "ಮೊದಲ ಏನಾರ ಕುಡೀರಿ, ಆಮ್ಯಾಲೆ ಮಾತಾಡೂಣು." ಶಿವರಾತ್ರಿ ಕಳೆಯಿತೆಂದರೆ ಅಲ್ಲಿ ಬಿಸಿಲು ಬಂಡೆಗಳ ಮೇಲೆ ಬಿಡಾರ ಹೂಡಿಬಿಡುತ್ತದೆ. ಸೂರ್ಯನು ಮುಳುಗಿ ಎರಡು ತಾಸಾದರೂ ಕಲ್ಲು ತಣಿಯುವುದಿಲ್ಲ. ಅಂಥ ನಾಡಿನಲ್ಲಿ ಬಂದವರಿಗೆ ಕೊಡುವ ಪಾನೀಯವು ಬರಿಯ ಉಪಚಾರವಲ್ಲ. ಅದು ಜೀವಕ್ಕೆ ಆಧಾರ.

ಹಂಪೆಗೆ ಹೋಗುವವರು ಸಾಮಾನ್ಯವಾಗಿ ಕಲ್ಲನ್ನು ನೋಡಲು ಹೋಗುತ್ತಾರೆ. ನಾವೂ ಹಿಂದೆ ಎರಡು ಸಲ ಹಾಗೆಯೇ ಹೋಗಿ ಬಂದವರು. ಈ ಸಲ ಹೊಸಪೇಟೆಯಲ್ಲಿರುವ ನನ್ನ ಪತ್ನಿಯ ಚಿಕ್ಕಮ್ಮನ ಮಗಳು ಬರೆದ ಕಾಗದವೊಂದು ನಮ್ಮ ಕುತೂಹಲವನ್ನು ಬೇರೆಡೆಗೆ ತಿರುಗಿಸಿತು. "ಅಕ್ಕ, ನಮ್ಮ ಮನೆಯಲ್ಲಿ ಈಗ ಅಂಗಡಿಯ ಸೋಡಾ ತರುವುದಿಲ್ಲ, ನಾನೇ ಮಾಡುತ್ತೇನೆ. ಯಂತ್ರವಿಲ್ಲ, ಸಿಲಿಂಡರಿಲ್ಲ. ಆದರೆ ಅತ್ತೆಯವರು ಅದನ್ನು ಮುಟ್ಟುವುದಿಲ್ಲ. ಭಾವನವರನ್ನು ಕರೆದುಕೊಂಡು ಬಾ, ನ್ಯಾಯ ಹೇಳಲಿ" ಎಂದು ಅವಳು ಬರೆದಿದ್ದಳು. ಅತ್ತೆ ಸೊಸೆಯರ ನಡುವೆ ನ್ಯಾಯ ಹೇಳಹೊರಟವನು ಎಂದೂ ಗೆದ್ದುದಿಲ್ಲ. ಆದರೂ ನಾವು ಹೊರಟೆವು. ಸಂಡೂರು, ಹೊಸಪೇಟೆ, ಹಂಪೆ, ಕಂಪ್ಲಿ, ಹೀಗೆ ನಾಲ್ಕು ಊರುಗಳ ಈ ಪ್ರವಾಸದಲ್ಲಿ ನಮಗೆ ದಾರಿ ತೋರಿಸಿದ್ದು ಒಂದು ಲೋಟ ಹುಳಿ ನೊರೆ ಎಂದರೆ ತಪ್ಪಾಗದು.

ಸಂಡೂರಿನ ಗಡಿಗೆ

ಮೊದಲು ಇಳಿದದ್ದು ಸಂಡೂರಿನಲ್ಲಿ. ಸುತ್ತಲೂ ಬೆಟ್ಟಗಳ ಕೋಟೆ, ನಡುವೆ ಕಣಿವೆ, ಆ ಕಣಿವೆಯಲ್ಲಿ ಊರು. ಘೋರ್ಪಡೆ ಮನೆತನದ ಈ ಚಿಕ್ಕ ಸಂಸ್ಥಾನವು ೧೯೪೯ರಲ್ಲಿ ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. ೧೯೩೪ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರು, ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದುದನ್ನು ಊರಿನವರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ನಾವು ಹೋದದ್ದು ಮಾರ್ಚ್ ತಿಂಗಳಲ್ಲಿ. ಹಸುರು ಬತ್ತಿ, ಅದಿರಿನ ಕೆಂಪು ಮಣ್ಣು ಎದ್ದು ಕಾಣುವ ಕಾಲ ಅದು. ರಸ್ತೆಯ ಬದಿಯ ಮರಗಳ ಎಲೆಗಳೂ ಕೆಂಪು ಧೂಳನ್ನು ಹೊದ್ದು ನಿಂತಿದ್ದುವು.

ಕುಮಾರಸ್ವಾಮಿಯ ಗುಡಿಯನ್ನು ನೋಡಿಕೊಂಡು ಮರಳುವಾಗ, ಹೊಲದ ಬದುವಿನ ಬೇವಿನ ನೆರಳಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮನ್ನು ಕೂಗಿ ಕರೆದರು. ಅವರ ಮುಂದೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ. ಪರಿಚಯವೇನೂ ಬೇಕಾಗಲಿಲ್ಲ. ಗಡಿಗೆಯಿಂದ ಸೌಟಿನಲ್ಲಿ ಮೊಗೆದು ಕೊಟ್ಟರು; ಅದು ಜೋಳದ ಅಂಬಲಿ. ಮಜ್ಜಿಗೆ, ಉಪ್ಪು, ಜಜ್ಜಿದ ಹಸಿಮೆಣಸು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ. ಬಾಯಿಗೆ ಇಟ್ಟೊಡನೆ ನಾಲಗೆಯ ಮೇಲೆ ಹಿತವಾದ ಹುಳಿ. ಎರಡು ಗುಟುಕು ಇಳಿಯುವಷ್ಟರಲ್ಲಿ ನೆತ್ತಿಯ ಉರಿ ಅರ್ಧಕ್ಕೆ ಇಳಿದಂತಾಯಿತು.

"ಇಷ್ಟು ಹುಳಿ ಹೇಗೆ ಬಂತು, ಅವ್ವಾ?" ಎಂದು ನನ್ನ ಪತ್ನಿ ಕೇಳಿದಳು.

"ರಾತ್ರಿ ಹಿಟ್ಟು ಕಲಿಸಿ ಇಟ್ಟಿರ್ತೀನವ್ವಾ. ಮುಂಜಾನಿ ಗಡಿಗಿಗೆ ಕಿವಿ ಕೊಟ್ರ ಅದು ತಾನ ಮಾತಾಡ್ತೈತಿ. ಆವಾಗ ಕುದಸೋದು" ಎಂದರು ಆಕೆ.

ಗಡಿಗೆ ಮಾತನಾಡುತ್ತದೆಂಬುದು ಕವಿಯ ಉತ್ಪ್ರೇಕ್ಷೆಯಲ್ಲ. ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ, ಹಿಂದಿನ ದಿನದ ಅಂಬಲಿಯನ್ನು ಒಂದು ಸೌಟು ಬೆರೆಸಿ ಇಟ್ಟರೆ, ಹಿಟ್ಟಿನಲ್ಲಿಯೂ ಗಡಿಗೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ದುಡಿಯುತ್ತವೆ. ಹಾಲನ್ನು ಹೆಪ್ಪುಗಟ್ಟಿಸುವ ಬಳಗಕ್ಕೆ ಸೇರಿದವುಗಳೇ ಅವುಗಳಲ್ಲಿ ಬಹುಪಾಲು. ಅವು ಹಿಟ್ಟಿನ ಸಿಹಿಯನ್ನು ತಿಂದು ಹುಳಿಯನ್ನು ಉಂಟುಮಾಡುತ್ತವೆ. ಜೊತೆಯಲ್ಲಿ ಅಷ್ಟಿಷ್ಟು ವಾಯುವನ್ನೂ ಹೊರಬಿಡುತ್ತವೆ. ಆ ವಾಯುವು ಗುಳ್ಳೆಗಳಾಗಿ ಮೇಲೆ ಬಂದು ಒಡೆಯುವ ಸಣ್ಣ ಸದ್ದೇ ಗಡಿಗೆಯ ಮಾತು. ಹುಳಿಯಿದ್ದೆಡೆ ಕೆಡಿಸುವ ಕ್ರಿಮಿಗಳು ಸುಲಭವಾಗಿ ಬೆಳೆಯಲಾರವು. ಆದುದರಿಂದಲೇ ಬೆಳಗ್ಗೆ ಕುದಿಸಿದ ಅಂಬಲಿಯು ಮಧ್ಯಾಹ್ನದ ಉರಿಬಿಸಿಲಿನಲ್ಲಿಯೂ ಹೊಲದ ಬದುವಿನಲ್ಲಿ ಕೆಡದೆ ನಿಲ್ಲುತ್ತದೆ. ಸೆಕೆಯ ನಾಡು ತನಗೆ ಬೇಕಾದ ಪೇಯವನ್ನು ಸೆಕೆಯಿಂದಲೇ ಮಾಡಿಸಿಕೊಂಡಿದೆ.

ಹಣ ಕೊಡಹೋದರೆ ಆ ವೃದ್ಧೆ ಕೈಯನ್ನು ಹಿಂದಕ್ಕೆಳೆದುಕೊಂಡರು. "ಅಂಬ್ಲಿ ಮಾರೂದುಂಟೇನ?" ಎಂಬ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಪೇಟೆಯ ಗೋಲಿ

ಸಂಡೂರಿನಿಂದ ಹೊಸಪೇಟೆಗೆ ಸುಮಾರು ೩೦ ಕಿಲೋಮೀಟರು. ಬಸ್ಸು ಬೆಟ್ಟಗಳ ನಡುವಿನಿಂದ ಹೊರಬಿದ್ದು ಬಯಲಿಗೆ ಬಂದಂತೆ ಮಣ್ಣಿನ ಬಣ್ಣ ಬದಲಾಗುತ್ತದೆ. ವಿಜಯನಗರದ ಕಾಲದ ಬಸವ ಕಾಲುವೆ, ರಾಯ ಕಾಲುವೆಗಳು ಇಂದಿಗೂ ನೀರುಣಿಸುವ ಬಾಳೆ ಮತ್ತು ಕಬ್ಬಿನ ತೋಟಗಳು ಕಣ್ಣಿಗೆ ತಂಪೆರೆಯುತ್ತವೆ. ಕೃಷ್ಣದೇವರಾಯನು ಕಟ್ಟಿಸಿದ ಹೊಸ ಪಟ್ಟಣವೇ ಇದು. ನಾಗಲಾಪುರವೆಂಬುದು ಇದರ ಹಳೆಯ ಹೆಸರು. ೧೫೨೦ರ ಸುಮಾರಿಗೆ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಯಸನು ಇದನ್ನು ಕಂಡು ಬರೆದಿದ್ದಾನೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚಿತವಾದಾಗ ಹೊಸಪೇಟೆಯೇ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು.

ಬಸ್ಸಿಳಿದವರ ಕಿವಿಗೆ ಬೀಳುವ ಸದ್ದುಗಳಲ್ಲಿ ಗೋಲಿ ಸೋಡಾದ ಸದ್ದೂ ಒಂದು. ಹೆಬ್ಬೆರಳಿನಿಂದ ಗೋಲಿಯನ್ನು ಒತ್ತಿದೊಡನೆ ಕೀಚಲು ದನಿಯೊಂದು ಹೊರಟು ನೊರೆ ಉಕ್ಕುತ್ತದೆ. ಮಕ್ಕಳ ಮುಖ ಅರಳುತ್ತದೆ. ಈ ಸೀಸೆಯನ್ನು ಕಲ್ಪಿಸಿದವನು ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ. ಅದರ ಹಕ್ಕುಪತ್ರ ೧೮೭೨ರದು. ಬಿರಡೆಯೂ ಇಲ್ಲ, ಮುಚ್ಚಳವೂ ಇಲ್ಲ. ಒಳಗಿನ ವಾಯುವಿನ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರು ಬಳೆಗೆ ಒತ್ತಿ ಹಿಡಿದು ಬಾಯಿ ಮುಚ್ಚುತ್ತದೆ. ಹೊರಡಲು ಹವಣಿಸುವ ವಾಯುವೇ ತನ್ನ ಬಾಗಿಲಿಗೆ ತಾನೇ ಅಗಳಿ ಹಾಕಿಕೊಳ್ಳುವ ಈ ಉಪಾಯವು ನಿಜವಾಗಿಯೂ ಸೊಗಸಾದುದು.

ಸೋಡಾ ಎಂದರೆ ಯಂತ್ರದಿಂದ ಹುಟ್ಟಿದ ವಸ್ತುವೆಂದೇ ನಾವೆಲ್ಲ ಭಾವಿಸಿದ್ದೇವೆ. ಅದರ ಹುಟ್ಟುಮನೆ ಬೇರೆ. ೧೭೬೭ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯ ಮನೆಯ ಪಕ್ಕದಲ್ಲಿ ಬೀರು ತಯಾರಿಸುವ ಕಾರ್ಖಾನೆಯಿತ್ತು. ಹುದುಗುತ್ತಿದ್ದ ಪೀಪಾಯಿಗಳ ಮೇಲೆ ಸದಾ ಒಂದು ಭಾರವಾದ ವಾಯು ನಿಂತಿರುವುದನ್ನೂ, ಉರಿಯುವ ಕಡ್ಡಿಯನ್ನು ಅದರೊಳಗೆ ಇಳಿಸಿದರೆ ಆರಿಹೋಗುವುದನ್ನೂ ಆತ ಗಮನಿಸಿದ. ಆ ವಾಯುವಿನ ನಡುವೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದಾಗ ನೀರಿಗೆ ಚುರುಕಾದ ರುಚಿ ಬಂದಿತು. ಅದೇ ಮೊದಲ ಸೋಡಾ ನೀರು. ಬಳಿಕ ೧೭೭೨ರಲ್ಲಿ, ಸುಣ್ಣಕಲ್ಲಿನ ಪುಡಿ ಮತ್ತು ಆಮ್ಲದಿಂದ ಅದೇ ವಾಯುವನ್ನು ಪಡೆದು ಸೋಡಾ ಮಾಡುವ ಕ್ರಮವನ್ನು ಆತ ಪ್ರಕಟಿಸಿದ. ಅಂದಿನಿಂದ ಸೋಡಾ ಹುದುಗಿನ ಮನೆಯನ್ನು ಬಿಟ್ಟು ಯಂತ್ರದ ಮನೆಗೆ ನಡೆಯಿತು. ಸಂಡೂರಿನ ಗಡಿಗೆಯ ಗುಳ್ಳೆಯೂ ಹೊಸಪೇಟೆಯ ಗೋಲಿಯ ಗುಳ್ಳೆಯೂ ಒಂದೇ ವಾಯು. ಹಿರಿಯರ ಪುಸ್ತಕಗಳಲ್ಲಿ ಇಂಗಾಲಾಮ್ಲ, ಇಂದಿನ ಮಕ್ಕಳ ಮಾತಿನಲ್ಲಿ ಇಂಗಾಲದ ಡೈಆಕ್ಸೈಡ್. ನಮ್ಮ ಆತಿಥೇಯಳು ಮಾಡಹೊರಟಿದ್ದುದು ಹೊಸತೇನೂ ಅಲ್ಲ. ಸೋಡಾವನ್ನು ಅದರ ತವರಿಗೆ ಮರಳಿ ಕರೆತರುವ ಕೆಲಸ.

ಒಂದು ಮನೆ, ಎರಡು ನೊರೆ

ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಅಡಿಗೆಮನೆಯ ಒಂದು ಮೂಲೆಯಲ್ಲಿ ಅತ್ತೆಯವರ ಅಂಬಲಿಯ ಗಡಿಗೆ. ಇನ್ನೊಂದು ಮೂಲೆಯಲ್ಲಿ ತೆಳುಬಟ್ಟೆ ಕಟ್ಟಿದ ಗಾಜಿನ ಭರಣಿ. ಭರಣಿಯಲ್ಲಿ ಶುಂಠಿಯ ತುಣುಕುಗಳು ತೇಲುತ್ತಿದ್ದುವು. ನೀರಿನ ಅಂಚಿನುದ್ದಕ್ಕೂ ಸಾಸಿವೆಯಂಥ ಗುಳ್ಳೆಗಳು.

"ಇದು ಹೆಪ್ಪು, ಭಾವ" ಎಂದಳು. ಅವಳ ಕ್ರಮ ಹೀಗೆ: ಎರಡು ಲೋಟ ಕುದಿಸಿ ಆರಿಸಿದ ನೀರಿಗೆ ಸಿಪ್ಪೆ ತೆಗೆಯದೆ ತುರಿದ ಹಸಿಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಸೂಕ್ಷ್ಮಜೀವಿಗಳಿಗೆ ಹಿತವಲ್ಲ, ಅದಕ್ಕಾಗಿಯೇ ಕುದಿಸುವುದು. ಶುಂಠಿಯ ಸಿಪ್ಪೆಯ ಮೇಲೆ ಯೀಸ್ಟ್ ಎಂಬ ಜೀವಿಗಳು ತಾವಾಗಿಯೇ ನೆಲೆಸಿರುತ್ತವೆ. ಆದುದರಿಂದ ಸಿಪ್ಪೆಯನ್ನು ಮಣ್ಣು ಹೋಗುವಷ್ಟು ಮಾತ್ರ ತೊಳೆಯಬೇಕು. ದಿನಕ್ಕೊಮ್ಮೆ ಒಂದೊಂದು ಚಮಚ ಶುಂಠಿಯನ್ನೂ ಸಕ್ಕರೆಯನ್ನೂ ಸೇರಿಸಿ ಕಲಕುತ್ತಿದ್ದರೆ, ಬೇಸಗೆಯಲ್ಲಿ ಮೂರು ನಾಲ್ಕು ದಿನಗಳಲ್ಲಿ, ಚಳಿಗಾಲದಲ್ಲಿ ಒಂದು ವಾರದಲ್ಲಿ, ಭರಣಿ ಮಾತನಾಡತೊಡಗುತ್ತದೆ. ಬೂಸು ಕಂಡರೆ, ಕೆಟ್ಟ ವಾಸನೆ ಬಂದರೆ, ಮರುಮಾತಿಲ್ಲದೆ ಚೆಲ್ಲಿಬಿಡಬೇಕು.

ಬಳಿಕ ಒಂದು ಲೀಟರು ನೀರಿನಲ್ಲಿ ಜಜ್ಜಿದ ಶುಂಠಿಯನ್ನೂ ೧೦೦ ಗ್ರಾಂ ಬೆಲ್ಲವನ್ನೂ ಹಾಕಿ ಕುದಿಸಿ, ಪೂರ್ತಿ ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ ಹಿಂಡಿ, ಶೋಧಿಸಿದ ಹೆಪ್ಪನ್ನು ಅರ್ಧ ಲೋಟ ಬೆರೆಸುತ್ತಾಳೆ. ಬಿಸಿ ಇರುವಾಗ ಬೆರೆಸಿದರೆ ಹೆಪ್ಪು ಸತ್ತೇ ಹೋಗುತ್ತದೆ. ಸೀಸೆಗಳಲ್ಲಿ ಎರಡು ಅಂಗುಲ ಜಾಗ ಬಿಟ್ಟು ತುಂಬಿ, ಬಿಗಿಯಾಗಿ ಮುಚ್ಚಿ ನೆರಳಿನಲ್ಲಿಡುತ್ತಾಳೆ. ಹನ್ನೆರಡು ಗಂಟೆಯಿಂದ ಒಂದು ದಿನದೊಳಗೆ ಸೀಸೆ ಗಟ್ಟಿಯಾಗುತ್ತದೆ. ಆಗ ಫ್ರಿಜ್ಜಿಗೆ ಸೇರಿಸಿದರೆ ಯೀಸ್ಟುಗಳ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ತಣ್ಣಗಾದ ಮೇಲೆ ತೆರೆದು ಕುಡಿಯುವುದು.

ನಮಗೆ ಕೊಟ್ಟ ಲೋಟದಲ್ಲಿ ನೊರೆ ಗೋಲಿ ಸೋಡಾದಷ್ಟು ಅಬ್ಬರದ್ದಲ್ಲ. ಗುಳ್ಳೆಗಳು ಸಣ್ಣವು, ಬೆಲ್ಲದ ಸಿಹಿಯ ಹಿಂದೆ ನಿಂಬೆ, ಅದರ ಹಿಂದೆ ಶುಂಠಿಯ ಖಾರ. ಹತ್ತು ವರುಷದ ಮಗ ಎರಡನೆಯ ಲೋಟಕ್ಕೆ ಕೈಚಾಚಿದ. ಆಗಲೇ ಅಡಿಗೆಮನೆಯ ಬಾಗಿಲಿನಲ್ಲಿ ಅತ್ತೆಯವರ ದನಿ ಕೇಳಿಸಿತು: "ಕೂಸಿಗೆ ಹೆಂಡ ಕುಡಿಸಬ್ಯಾಡ್ರವ್ವಾ."

ಮನೆಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. "ಅತ್ತಿ, ನನ್ನ ಬಾಣಂತನದಾಗ ದಿನಾ ದಶಮೂಲಾರಿಷ್ಟ ಕುಡಿಸಿದವರು ನೀವಽ ಅಲ್ಲೇನು?" ಎಂದಳು ಸೊಸೆ, ನಗುವನ್ನು ತಂದುಕೊಂಡು. ಅವಳ ಮಾತು ನಿಜವೇ. ಆಯುರ್ವೇದದ ಆಸವ ಅರಿಷ್ಟಗಳು ಬೆಲ್ಲ ಮತ್ತು ಧಾತಕಿ ಹೂವಿನ ಸಹಾಯದಿಂದ ಹುದುಗಿ ಸಿದ್ಧವಾಗುವಂಥವು. ನೂರಕ್ಕೆ ೫ರಿಂದ ೧೦ರಷ್ಟು ಮದ್ಯಸಾರ ಅವುಗಳಲ್ಲಿ ತಾನಾಗಿಯೇ ಹುಟ್ಟಿರುತ್ತದೆ. ಭಾಂಡದ ಬಾಯಿಗೆ ಉರಿಯುವ ಕಡ್ಡಿಯನ್ನು ಹಿಡಿದು, ಅದು ಆರಿದರೆ ಹುದುಗು ಇನ್ನೂ ನಡೆಯುತ್ತಿದೆ, ಉರಿದರೆ ಮುಗಿದಿದೆ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಪ್ರೀಸ್ಟ್ಲಿಯ ಕಡ್ಡಿಗೂ ನಮ್ಮ ವೈದ್ಯರ ಕಡ್ಡಿಗೂ ಕಾರಣ ಒಂದೇ.

ಅತ್ತೆಯವರು ಉತ್ತರ ಕೊಡಲಿಲ್ಲ. "ಅದು ಔಷಧ. ಚಮಚದಾಗ ಅಳದು ಕುಡಿಯೋದು" ಎಂದಷ್ಟೇ ಹೇಳಿ ಒಳಗೆ ಹೋದರು. ನ್ಯಾಯ ಹೇಳಬೇಕಾಗಿದ್ದ ನಾನು ನಿಂಬೆಯ ಬೀಜವನ್ನು ಎಣಿಸುತ್ತ ಕುಳಿತೆ. ಆದರೆ ಅಳತೆಯೆಂಬ ಆ ಮಾತು ಸೊಸೆಗೆ ನಾಟಿರಬೇಕು. ಊಟವಾದ ಮೇಲೆ ಅವಳು ಗೋಡೆಯ ಪಂಚಾಂಗದ ಹಾಳೆಯ ಬೆನ್ನಿನ ಮೇಲೆ ಲೆಕ್ಕ ಹಾಕತೊಡಗಿದಳು. ಆ ಲೆಕ್ಕ ಮನೆಯಲ್ಲಿ ಸೋಡಾ ಮಾಡಬಯಸುವವರೆಲ್ಲರಿಗೂ ಬೇಕಾದುದರಿಂದ ಇಲ್ಲಿ ಕೊಡುತ್ತೇನೆ.

೧೦೦ ಗ್ರಾಂ ಸಕ್ಕರೆ ಪೂರ್ತಿಯಾಗಿ ಹುದುಗಿದರೆ ಸುಮಾರು ೫೦ ಗ್ರಾಂ ಇಂಗಾಲಾಮ್ಲ ಹುಟ್ಟುತ್ತದೆ. ಬಯಲಿನಲ್ಲಿ ಬಿಟ್ಟರೆ ಅದು ೨೫ ಲೀಟರಿನಷ್ಟು ಜಾಗವನ್ನು ಆಕ್ರಮಿಸುತ್ತದೆ. ಅಂಗಡಿಯ ಚುರುಕಾದ ಸೋಡಾದ ಒಂದು ಲೀಟರಿನಲ್ಲಿ ಅಡಗಿರುವ ವಾಯು ಮೂರು ನಾಲ್ಕು ಲೀಟರು ಮಾತ್ರ. ಅಷ್ಟು ನೊರೆಗೆ ೧೫ ಗ್ರಾಂ ಸಕ್ಕರೆ ಸಾಕು! ಉಳಿದ ಸಕ್ಕರೆ ನಾಲಗೆಯ ಸಿಹಿಗೆಂದು ಹಾಕಿದುದು. ಆದರೆ ಯೀಸ್ಟಿಗೆ ಆ ಭೇದ ತಿಳಿಯದು. ಸೀಸೆಯನ್ನು ಸೆಕೆಯಲ್ಲಿ ಮರೆತರೆ ಅದು ತಿನ್ನುತ್ತಲೇ ಹೋಗುತ್ತದೆ, ಒತ್ತಡ ಏರುತ್ತಲೇ ಹೋಗುತ್ತದೆ; ಕಡೆಗೆ ಗಾಜಿನ ಸೀಸೆಯಾದರೆ ಸಿಡಿಗುಂಡಾಗುತ್ತದೆ. ಆದುದರಿಂದ ಹೊಸಬರು ಸೋಡಾ ತುಂಬಿ ಬಂದ ಪ್ಲಾಸ್ಟಿಕ್ಕಿನ ಸೀಸೆಯನ್ನೇ ಬಳಸಬೇಕು. ಬೆರಳಿನಿಂದ ಒತ್ತಿದರೆ ಒಳಗಿನ ಸ್ಥಿತಿ ತಿಳಿಯುತ್ತದೆ. ಜ್ಯಾಮಿನ ಸೀಸೆ, ಔಷಧದ ಸೀಸೆಗಳಂಥ ತೆಳು ಗಾಜು ಸರ್ವಥಾ ಕೂಡದು.

ಮದ್ಯಸಾರದ ಲೆಕ್ಕವೂ ಅಷ್ಟೇ ನೇರ. ಆ ೧೫ ಗ್ರಾಂ ಸಕ್ಕರೆಯನ್ನು ಯೀಸ್ಟೇ ತಿಂದರೆ ಲೀಟರಿಗೆ ಸುಮಾರು ೮ ಗ್ರಾಂ ಮದ್ಯಸಾರ, ಎಂದರೆ ನೂರಕ್ಕೆ ಒಂದು ಪಾಲು. ಇದು ಹೆಂಡವಲ್ಲ, ಆದರೆ ಸೊನ್ನೆಯೂ ಅಲ್ಲ. ಇನ್ನೆರಡು ದಿನ ಹೊರಗೆ ಬಿಟ್ಟರೆ ಒಂದು ಎರಡಾಗುತ್ತದೆ, ಎರಡು ಮೂರಾಗುತ್ತದೆ. ಲೆಕ್ಕ ಮುಗಿದಾಗ ಸೊಸೆಯ ಮುಖದಲ್ಲಿ ಗೆಲುವಿನ ನಗು ಇರಲಿಲ್ಲ. "ಅತ್ತೆಯವರು ಪೂರ್ತಿ ತಪ್ಪಲ್ಲ, ಭಾವ" ಎಂದಳು. ಮಗನ ಲೋಟಕ್ಕೆ ಅಂದಿನಿಂದ ಹುದುಗದ ಶುಂಠಿ ಪಾನಕವೇ ಬಂದಿತು. ಗರ್ಭಿಣಿಯರಿಗೂ, ಮದ್ಯವನ್ನು ವ್ರತವಾಗಿ ಬಿಟ್ಟವರಿಗೂ ಕೇಳದೆ ಕೊಡಬಾರದೆಂದು ಅವಳು ತನಗೆ ತಾನೇ ನಿಯಮ ಹಾಕಿಕೊಂಡಳು.

ಸಂಜೆ ಜಲಾಶಯವನ್ನು ನೋಡಲು ಹೋದೆವು. ೧೯೫೩ರಲ್ಲಿ ಪೂರ್ತಿಯಾದ ತುಂಗಭದ್ರೆಯ ಅಣೆಕಟ್ಟು. ೩೩ ಕ್ರೆಸ್ಟ್ ಗೇಟುಗಳು. ೨೦೨೪ರ ಆಗಸ್ಟ್ ೧೦ರ ರಾತ್ರಿ ಇವುಗಳಲ್ಲಿ ೧೯ನೆಯದರ ಸರಪಳಿ ಕಡಿದು ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಮಿಕ್ಕ ಗೇಟುಗಳನ್ನು ತೆರೆದು, ರೈತರು ಕಾದು ಕುಳಿತಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ವಾರದೊಳಗೆ ತಾತ್ಕಾಲಿಕ ತಡೆ ಕೂರಿಸುವವರೆಗೂ ಹೊಸಪೇಟೆಯಲ್ಲಿ ಯಾರೂ ನೆಮ್ಮದಿಯಾಗಿ ನಿದ್ರಿಸಲಿಲ್ಲವಂತೆ. "ಅಮ್ಮ, ನಿನ್ನ ಸೀಸೆಗೂ ಒಂದು ಗೇಟು ಬೇಕು" ಎಂದ ಮಗ. ಒತ್ತಡವೆಂದರೇನೆಂದು ಈ ಊರಿನ ಮಕ್ಕಳಿಗೆ ಬೇರೆ ಪಾಠ ಬೇಕಿಲ್ಲ.

ಕಲ್ಲಿನ ಎಲೆಯ ಮುಂದೆ

ಮರುದಿನ ಎರಡು ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು ಹಂಪೆಗೆ ಹೋದೆವು. ಹೊಸಪೇಟೆಯಿಂದ ೧೩ ಕಿಲೋಮೀಟರು. ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರನ್ನು ವರ್ಣಿಸುವ ಸಾಹಸವನ್ನು ನಾನು ಮಾಡಲಾರೆ. ಅದನ್ನು ಬಲ್ಲವರು ಬರೆದಾಗಿದೆ. ನಮ್ಮ ಲೋಟಕ್ಕೆ ಸಂಬಂಧಿಸಿದ ಎರಡು ಮಾತುಗಳಷ್ಟೇ ಇಲ್ಲಿ ಸಾಕು.

ಒಂದು, ಇದು ಕಿಷ್ಕಿಂಧೆ. ನದಿಯ ಆಚೆ ಆನೆಗೊಂದಿ. ಸೀತೆಯ ಸುದ್ದಿಯನ್ನು ಹೊತ್ತು ಮರಳಿದ ವಾನರರು ಸುಗ್ರೀವನ ಮಧುವನಕ್ಕೆ ನುಗ್ಗಿ, ಕಾವಲಿದ್ದ ದಧಿಮುಖನನ್ನೂ ಲೆಕ್ಕಿಸದೆ ಮಧುವನ್ನು ಕುಡಿದು ಕುಪ್ಪಳಿಸಿದ ಪ್ರಸಂಗ ರಾಮಾಯಣದಲ್ಲಿ ಬರುತ್ತದೆ. ಈ ಬಂಡೆಗಳ ನಾಡಿನ ಮೊದಲ ಔತಣಕೂಟವೆಂದರೆ ಅದೇ ಇರಬೇಕು. ಕಾವಲುಗಾರನ ಹೆಸರಿನಲ್ಲಿ ಮೊಸರು, ಕುಡಿದವರ ಹೊಟ್ಟೆಯಲ್ಲಿ ಮಧು! ನಮ್ಮ ಆತಿಥೇಯರ ಅಡಿಗೆಮನೆಯ ಎರಡು ಮೂಲೆಗಳು ನೆನಪಾಗಿ ನಾವು ನಕ್ಕೆವು.

ಎರಡು, ಭೋಜನಶಾಲೆ. ಕಲ್ಲಿನ ಕಾಲುವೆಯೊಂದರ ಎರಡು ದಡಗಳಲ್ಲಿಯೂ ಸಾಲಾಗಿ ಕಲ್ಲಿನ ಎಲೆಗಳು. ಒಂದೊಂದರಲ್ಲಿಯೂ ಅನ್ನಕ್ಕೆ, ವ್ಯಂಜನಗಳಿಗೆ ಕಡೆದ ಕುಳಿಗಳು. ನಡುವೆ ನೀರು ಹರಿಯುತ್ತಿದ್ದ ಕಾಲದಲ್ಲಿ ಅಲ್ಲಿ ಕುಳಿತವರಿಗೆ ಊಟದ ಜೊತೆ ತಂಪೂ ದೊರೆಯುತ್ತಿತ್ತು. ಈಗ ಕಾಲುವೆ ಒಣಗಿದೆ. ಅಂಗೈ ಇಟ್ಟರೆ ಕಲ್ಲು ಚುರ್ರೆನ್ನುತ್ತದೆ.

ಅಲ್ಲಿಯ ಮರದ ನೆರಳಿನಲ್ಲಿ ಬುಟ್ಟಿ ಬಿಚ್ಚಿದಾಗ ಸೀಸೆಗಳು ಕಲ್ಲಿನಂತೆ ಬಿಗಿದಿದ್ದುವು. ಮುಂಜಾನೆ ಮೆತ್ತಗಿದ್ದ ಅದೇ ಸೀಸೆಗಳು! ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ಜೀವಿಗಳ ಕೆಲಸ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ೪೦ ಡಿಗ್ರಿಯ ಆಚೆ ಯೀಸ್ಟು ಬಳಲತೊಡಗಿ, ಹುಳಿ ಮಾಡುವ ಬಳಗವೇ ಮೇಲುಗೈ ಪಡೆಯುತ್ತದೆ. ಈ ಸೀಮೆಯ ಹಿರಿಯರು ನೊರೆಯನ್ನು ಬಿಟ್ಟು ಹುಳಿಯನ್ನು ಹಿಡಿದುದರಲ್ಲಿ ಎಷ್ಟು ವಿವೇಕವಿದೆಯೆಂದು ಆಗ ಅರ್ಥವಾಯಿತು. ಸೊಸೆ ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿದಳು. 'ಸುಸ್' ಎಂಬ ಸದ್ದು ಬಹಳ ಹೊತ್ತು ಬಂದಿತು. ಮತ್ತಷ್ಟು ತಿರುಗಿಸಿದಳು, ನೊರೆ ಕತ್ತಿನವರೆಗೆ ಏರಿ ಇಳಿಯಿತು. ಹೀಗೆ ಐದಾರು ಸಲ. "ಹೊತ್ತು ನೋಡಿ ತೆಗಿಬೇಕವ್ವಾ ಅದನ್ನ" ಎಂದರು, ಅಲ್ಲಿಯವರೆಗೆ ಬೇರೆಡೆ ನೋಡುತ್ತ ಕುಳಿತಿದ್ದ ಅತ್ತೆಯವರು. ಸೋಡಾದ ವಿಷಯದಲ್ಲಿ ಅವರು ತಾವಾಗಿ ಆಡಿದ ಮೊದಲ ಹಿತವಚನ ಅದು.

ಕಂಪ್ಲಿಯ ಆಲೆಮನೆ

ಕಂಪ್ಲಿ ಅತ್ತೆಯವರ ತವರು. ಹೊಸಪೇಟೆಯಿಂದ ಕಮಲಾಪುರದ ಮೇಲೆ ಸುಮಾರು ೩೦ ಕಿಲೋಮೀಟರು. ವಿಜಯನಗರಕ್ಕಿಂತ ಮುಂಚೆಯೇ ಹೆಸರಾಗಿದ್ದ ಊರು. ಕುಮಾರರಾಮನ ತಂದೆ ಕಂಪಿಲರಾಯನ ರಾಜ್ಯ ೧೩೨೭ರಲ್ಲಿ ದಿಲ್ಲಿಯ ಸೈನ್ಯಕ್ಕೆ ಬಿದ್ದುಹೋಯಿತು. ಈಗ ಹೊಳೆಯ ದಂಡೆಯ ಉದ್ದಕ್ಕೂ ಬತ್ತ, ಬಾಳೆ, ಕಬ್ಬು. ಸಂಡೂರಿನ ಜೋಳದ ಹೊಲಗಳಿಂದ ಬಂದವರಿಗೆ ಈ ಬತ್ತದ ಗದ್ದೆಗಳನ್ನು ಕಂಡರೆ, ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಬತ್ತಕ್ಕೂ ರಾಗಿಗೂ ನಡೆಯುವ ವಾದ ನೆನಪಾಗದಿರದು. ಅಲ್ಲಿ ಬರಗಾಲಕ್ಕೆ ಒದಗುವ ಕಿರುಧಾನ್ಯವೇ ಗೆಲ್ಲುತ್ತದೆ. ಬಿಸಿಲಿಗೆ ಒದಗುವ ಅಂಬಲಿಯ ಪರವಾಗಿ ಇನ್ನೊಂದು ವಾದವನ್ನು ಯಾರಾದರೂ ಹೂಡಬಹುದು.

ಅತ್ತೆಯವರ ನೆಂಟರ ಆಲೆಮನೆಗೆ ಹೋದೆವು. ಗಾಣದಿಂದ ಕಬ್ಬಿನ ಹಾಲು ಇಳಿದೊಡನೆ ಕೊಪ್ಪರಿಗೆಗೆ ಸಾಗಿಸುತ್ತಿದ್ದರು. ಅಲ್ಲಿ ಯಾರಿಗೂ ನಿಂತು ಮಾತನಾಡಲು ಬಿಡುವಿಲ್ಲ. ಕಾರಣವನ್ನು ಹೇಳಿದವರು ಅತ್ತೆಯವರೇ. ಈ ಸೆಕೆಯಲ್ಲಿ ಹಾಲನ್ನು ಕೆಲವು ಗಂಟೆ ಹಾಗೆಯೇ ಬಿಟ್ಟರೆ ಅದು ನೊರೆಗಟ್ಟಿ ಹುಳಿಯುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಬೆಲ್ಲ ಗಟ್ಟಿಯಾಗಿ ಅಚ್ಚಿಗೆ ಕೂರುವುದಿಲ್ಲ. ಸೊಸೆಯ ಭರಣಿಯಲ್ಲಿ ದುಡಿಯುವ ಜೀವಿ ಇಲ್ಲಿ 'ಕಳ್ಳ'. ಒಂದೇ ಜೀವಿ ಒಂದು ಮನೆಯಲ್ಲಿ ಆಳು, ಇನ್ನೊಂದು ಮನೆಯಲ್ಲಿ ಶತ್ರು.

ಹಾಲು ಕುದಿಯುತ್ತಿರಲು, ಬೇಲಿಯ ಆಚೆಯ ಪಾಳುಬಿದ್ದ ಇನ್ನೊಂದು ಆಲೆಮನೆಯನ್ನು ಅತ್ತೆಯವರು ತೋರಿಸಿದರು. "ಅದು ನಮ್ಮಣ್ಣಂದು" ಎಂದರು. ಊರಿನಲ್ಲಿ ಅವರ ಬೆಲ್ಲಕ್ಕೆ ಒಳ್ಳೆಯ ಹೆಸರಿತ್ತಂತೆ. ಹುಳಿತ ಹಾಲನ್ನು ಚೆಲ್ಲುವ ಬದಲು ಆಳುಗಳೊಡನೆ ಕುಳಿತು ಒಂದು ಲೋಟ ಕುಡಿಯುವುದರಿಂದ ಮೊದಲಾಯಿತು. ಲೋಟ ಚೊಂಬಾಯಿತು, ಚೊಂಬು ಸಾರಾಯಿಯಾಯಿತು. ಎರಡು ಎಕರೆ ಕಬ್ಬು ಹೋಯಿತು, ಅತ್ತಿಗೆಯ ಮೈಮೇಲಿನ ಬಂಗಾರ ಹೋಯಿತು. ೨೦೦೭ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ಅತ್ತಿಗೆ ದೇವರಿಗೆ ದೀಪ ಹಚ್ಚಿದರು; ಆ ವೇಳೆಗೆ ಅಣ್ಣ ತೀರಿಕೊಂಡು ಮೂರು ತಿಂಗಳಾಗಿತ್ತು. ಅತ್ತೆಯವರು ಇದನ್ನು ಅಳುತ್ತ ಹೇಳಲಿಲ್ಲ. ಬೆಲ್ಲದ ಹದವನ್ನು ನೋಡುತ್ತಲೇ ಹೇಳಿದರು.

ಸೊಸೆಗೆ ಆ ಕಥೆ ಅಂದಿನವರೆಗೆ ತಿಳಿದಿರಲಿಲ್ಲ. ಹನ್ನೊಂದು ವರುಷ ಒಂದೇ ಒಲೆಯ ಮುಂದೆ ನಿಂತವಳು ಅವಳು. ಬಹಳ ಹೊತ್ತಿನ ಮೇಲೆ, "ನಾನು ಮಾಡೋದು ಬಿಡ್ತೀನಿ, ಅತ್ತಿ" ಎಂದಳು.

"ಬಿಡು ಅಂತ ನಾ ಎಲ್ಲಿ ಅಂದೆ? ಅಂಬ್ಲೀನೂ ಹುಳೀನಽ. ಹುಳಿ ಕೆಟ್ಟದ್ದಲ್ಲವ್ವಾ, ಹೊತ್ತು ಮೀರಬಾರ್ದು ಅಷ್ಟ" ಎಂದರು ಅತ್ತೆಯವರು.

ಆ ಮಾತಿನಲ್ಲಿ ಎಲ್ಲ ನ್ಯಾಯವೂ ಅಡಗಿತ್ತು. ನಾನು ಸೇರಿಸಬೇಕಾದುದು ಏನೂ ಉಳಿಯಲಿಲ್ಲ. ಹೊಸಪೇಟೆಗೆ ಮರಳಿದ ಮೇಲೆ ಸೀಸೆಗಳ ಮೇಲೆ ಚೀಟಿಗಳು ಬಂದುವು: ತುಂಬಿದ ಗಂಟೆ, ಫ್ರಿಜ್ಜಿಗೆ ಸೇರಿದ ಗಂಟೆ, ಕುಡಿದು ಮುಗಿಸಬೇಕಾದ ದಿನ. ಮೂರು ದಿನ ಮೀರಿದುದನ್ನು ಚೆಲ್ಲುವುದೆಂದು ತೀರ್ಮಾನವಾಯಿತು. ಸೊಸೆ ಮಾಡಿದ ಸೋಡಾವನ್ನು ಅತ್ತೆಯವರು ನಾವು ಹೊರಡುವವರೆಗೂ ಕುಡಿಯಲಿಲ್ಲ. ಇನ್ನು ಮುಂದೆಯೂ ಕುಡಿಯಲಾರರು. ಆದರೆ ನಾವು ಹೊರಡುವ ದಿನ ಮುಂಜಾನೆ, ಗಡಿಗೆಗೆ ಕಿವಿಗೊಟ್ಟು ಅಂಬಲಿಯನ್ನು ಒಲೆಗೇರಿಸಿದ ಬಳಿಕ, ಇನ್ನೊಂದು ಮೂಲೆಗೆ ನಡೆದು ಸೀಸೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು ಆತು, ತಣ್ಣಗಿಡು" ಎಂದು ಸೊಸೆಯನ್ನು ಕೂಗಿ ಹೇಳಿದವರು ಅವರೇ.

ಹಂಪೆಯ ಯಾತ್ರೆಗೆ ಹೊರಡುವ ವಾಚಕರಲ್ಲಿ ಒಂದು ವಿಜ್ಞಾಪನೆ. ಬೇಸಗೆಯಲ್ಲಿ ಹೋಗುವುದಾದರೆ ಕಲ್ಲಿನ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಂಡಾದ ಮೇಲೆ, ಆ ಸೀಮೆಯ ಯಾವುದಾದರೂ ಮನೆಯಲ್ಲಿ ಅರ್ಧ ತಾಸು ಕುಳಿತುಕೊಳ್ಳಿ. "ಮೊದಲ ಏನಾರ ಕುಡೀರಿ" ಎಂದರೆ ಸಂಕೋಚಪಡದೆ ಅಂಬಲಿಯನ್ನೇ ಕೇಳಿ. ಕೊಡುವವರ ಮುಖದಲ್ಲಿ ಆಗ ಮೂಡುವ ಹಿಗ್ಗನ್ನು ನೋಡಿ. ಮನೆಗೆ ಮರಳಿ ಸೋಡಾ ಮಾಡುವ ಮನಸ್ಸಾದರೆ ಅವಶ್ಯವಾಗಿ ಮಾಡಿ. ಆದರೆ ಭರಣಿಯ ಪಕ್ಕದಲ್ಲಿ ಗಡಿಯಾರವೊಂದು ಇರಲಿ, ಮನೆಯಲ್ಲಿ ಹಿರಿಯರಿದ್ದರೆ ಅವರ ಹೆಬ್ಬೆರಳೂ ಇರಲಿ.